ಲೈಟ್ ಯಾವುದು ಆಮೇಲೆ, ಕರೆಂಟ್ ಎಲ್ಲಿಂದ ಮೊದಲು

ಧಾರವಾಡ ತಾಲೂಕಿನ ಒಂದು ಹಳ್ಳಿ. ಮಣ್ಣಿನ ಗೋಡೆಯ ಹಳೇ ಮಾಳಿಗೆ ಮನೆ. ಪಡಸಾಲೆಯಲ್ಲಿ ರಾತ್ರಿ ಸೀನ್ ನಡೆದಿತ್ತು. ಕ್ಯಾಮೆರಾದಲ್ಲಿ ನೆಲ ಚೆಂದ ಕಾಣಲಿ ಅಂತ ಆಗಷ್ಟೇ ಸಗಣಿ ಹಾಕಿ ಸಾರಿಸಿದ್ದೆವು. ಪಾತ್ರ ಮಾಡುತ್ತಿದ್ದವರು ಅದೇ ಊರಿನ ದೊಡ್ಡಾಟದ ಅಜ್ಜ, ಬರಿಗಾಲಲ್ಲಿದ್ದರು. ಶಾಟ್ ಮುಗಿದ ಮೇಲೆ ಏಳಲು ಆಸರೆಗೆ ಅಂತ ಪಕ್ಕದ ಲೈಟ್ ಸ್ಟ್ಯಾಂಡಿಗೆ ಕೈ ಹಾಕಿದರು. ಹಾಕಿದ ಕೈಯನ್ನು ಜಾಡಿಸಿ ಹಿಂದೆ ಕುಸಿದು ಕೂತರು. ‘ಏನೋ ಕಡದಂಗಾತು ನೋಡ ತಮ್ಮಾ’ ಅಂದರು.

ಟೆಸ್ಟರ್ ಹಚ್ಚಿದೆ. ಸ್ಟ್ಯಾಂಡಿನ ಮೈಮೇಲೇ ದೀಪ ಹತ್ತಿತು. ಅದು 1000 ವ್ಯಾಟಿನ ಹಳೇ ಹ್ಯಾಲೋಜನ್ ಲೈಟು. ತಲೆ ತಿರುಗಿಸುವ ಜಾಗದಲ್ಲಿ ವೈರಿನ ಸಿಪ್ಪೆ ಸವೆದು ತಾಮ್ರ ಹೊರಗೆ ಬಂದಿತ್ತು. ಪ್ಲಗ್ಗಿಗೆ ಮೂರನೇ ಪಿನ್ನೇ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಪಿನ್ನೇ, ಇರಲಿಲ್ಲ. ಹಳೇ ಎರಡು ತೂತಿನ ಸಾಕೆಟ್ಟಿಗೆ ಕೂಡಲಿ ಅಂತ ಯಾರೋ ಮುರಿದು ಹಾಕಿದ್ದರು. ಯಾರೋ ಅಂದರೆ ನಮ್ಮ ಟೀಮಿನವರೇ.

ಆವತ್ತಿನಿಂದ ನನಗೊಂದು ಚಟ ಹತ್ತಿದೆ. ‘ಅಣ್ಣಾ, ಯಾವ ಲೈಟ್ ತರಿಸೋಣು?’ ಅಂತ ಯಾರಾದರೂ ಫೋನ್ ಮಾಡಿದರೆ, ‘ಶೂಟಿಂಗ್ ಎಲ್ಲಿ? ಅಲ್ಲಿ ಕರೆಂಟ್ ಹೆಂಗೈತಿ?’ ಅಂತ ತಿರುಗಿ ಕೇಳುತ್ತೇನೆ. ಹುಬ್ಬಳ್ಳಿ–ಧಾರವಾಡದಲ್ಲಿ ಕಿರುಚಿತ್ರ, ಆಲ್ಬಂ ಸಾಂಗು ಮಾಡುವ ಹುಡುಗರು ಈಗ ಜಾಸ್ತಿ. ದೊಡ್ಡ ಯೂನಿಟ್ ಇರುವುದಿಲ್ಲ. ಲೈಟು ಮದುವೆ ಫೋಟೋದವರದ್ದು, ಜನರೇಟರ್ ಪೆಂಡಾಲಿನವರದ್ದು, ವೈರು ಮನೆಯದ್ದು. ಈ ಮೂರನ್ನೂ ಕೂಡಿಸುವ ಜಾಗದಲ್ಲೇ ಎಡವಟ್ಟು ಆಗುವುದು. ಅದಕ್ಕೇ ಕರೆಂಟು, ಲೈಟು, ವೈರುಗಳ ಈ ಹೋಲಿಕೆಯನ್ನು ಕರೆಂಟಿನಿಂದಲೇ ಶುರು ಮಾಡುತ್ತೇನೆ.

ಮನೆಯ ಲೈನೋ, ಜನರೇಟರೋ, ಬ್ಯಾಟರಿಯೋ

ಮನೆಯ ಲೈನು ಸುಮ್ನೆ ಸಿಗುತ್ತದೆ, ಸದ್ದು ಮಾಡುವುದಿಲ್ಲ. ಅದಕ್ಕೇ ಎಲ್ಲರ ಕಣ್ಣು ಮೊದಲು ಅದರ ಮೇಲೆ. ಆದರೆ ಅಲ್ಲಿ ಎಷ್ಟು ಎಳೆಯಬಹುದು ಅಂತ ಮೊದಲೇ ಲೆಕ್ಕ ಹಾಕಬೇಕು. ಲೆಕ್ಕ ಸುಲಭ: ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 1000 ವ್ಯಾಟಿನ ಲೈಟು ಸುಮಾರು 4.3 ಆಂಪಿಯರ್, 2000 ವ್ಯಾಟಿನದು 8.7. ಮನೆಯ ಸಣ್ಣ ಸಾಕೆಟ್ಟು 6 ಆಂಪಿಯರಿನದು, ಗೀಸರ್ ಹಾಕುವ ದೊಡ್ಡದು 16ರದು. ಅಂದರೆ 2000 ವ್ಯಾಟಿನ ಲೈಟು ಸಣ್ಣ ಸಾಕೆಟ್ಟಿಗೆ ಆಗುವುದೇ ಇಲ್ಲ. ಕನ್ವರ್ಶನ್ ಪ್ಲಗ್ ಹಾಕಿ ಕೂರಿಸಬಹುದು, ಕೂರುತ್ತದೆ, ಆದರೆ ಆಗುವುದಿಲ್ಲ.

ಇನ್ನೊಂದು ಮಾತು. ಒಂದು ರೂಮಿನಲ್ಲಿ ನಾಲ್ಕು ಸಾಕೆಟ್ ಇದ್ದರೆ ನಾಲ್ಕು ಲೈನ್ ಇದೆ ಅಂತ ಅಲ್ಲ. ಎಲ್ಲದಕ್ಕೂ ಹಿಂದೆ ಒಂದೇ ವೈರು ಇರಬಹುದು. ಮನೆಯವರ ಹತ್ತಿರ ಕರೆಂಟ್ ಬಿಲ್ ಕೇಳಿ ನೋಡಿ, ಮಂಜೂರಾದ ಲೋಡ್ ಎಷ್ಟು ಅಂತ ಅದರಲ್ಲೇ ಇರುತ್ತದೆ. ಹಳೇ ಮನೆಯಲ್ಲಿ 1 ಕಿಲೋವ್ಯಾಟ್ ಅಂತ ಕಂಡರೆ ಅಲ್ಲಿಗೆ ಹ್ಯಾಲೋಜನ್ ಕನಸು ಬಿಟ್ಟುಬಿಡಿ. ಆಮೇಲೆ ಮೀಟರ್ ಬೋರ್ಡ್ ನೋಡಿ. ಪಿಂಗಾಣಿಯ ಹಳೇ ಫ್ಯೂಸಿದ್ದರೆ ಮೇನ್ ಆರಿಸಿ ಎಳೆದು ನೋಡಿ. ಸಣ್ಣ ಎಳೆಯ ಬದಲು ದಪ್ಪ ತಾಮ್ರದ ತಂತಿ ಸುತ್ತಿದ್ದರೆ, ಆ ಮನೆಯಲ್ಲಿ ಫ್ಯೂಸ್ ಇಲ್ಲ ಅಂತಲೇ ತಿಳಿಯಿರಿ. ಲೋಡ್ ಜಾಸ್ತಿಯಾದರೆ ಉರಿಯುವುದು ಫ್ಯೂಸ್ ಅಲ್ಲ, ಜಂತಿಗೆ ಹೊಡೆದ ವೈರು.

ಮನೆಯವರು ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ: ‘ಮಿಕ್ಸರ್ ನಡೀತೈತಿ, ಇಸ್ತ್ರಿ ನಡೀತೈತಿ, ನಿಮ್ಮ ಲೈಟ್ ನಡಿಯಂಗಿಲ್ಲೇನ್ರಿ?’ ಮಿಕ್ಸರ್ ನಡೆಯುವುದು ಐದು ನಿಮಿಷ. ನಮ್ಮ ಲೈಟು ಉರಿಯುವುದು ಐದು ತಾಸು. ವೈರು ಬಿಸಿಯಾಗಲು ಬೇಕಾದದ್ದೇ ಆ ಹೊತ್ತು. ಅರ್ಧ ತಾಸಿಗೊಮ್ಮೆ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೀನು ಸುಟ್ಟಂಥ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಹೊಲದಲ್ಲಿ ಶೂಟಿಂಗ್ ಅಂದರೆ ಪಂಪ್‌ಸೆಟ್ಟಿನ ಲೈನಿನ ಮೇಲೆ ಆಸೆ ಬರುತ್ತದೆ. ಬೇಡ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರಕಾರ ಪುಕ್ಕಟೆ ಕರೆಂಟ್ ಕೊಡುವುದು ನೀರೆತ್ತಲು, ಬೇರೆ ಕೆಲಸಕ್ಕೆ ಹಾಕಿದರೆ ತಪ್ಪು. ಮೇಲಾಗಿ ತ್ರೀ ಫೇಸ್ ದಿನದಲ್ಲಿ ಕೆಲವು ತಾಸು ಮಾತ್ರ ಇರುತ್ತದೆ. ಕಂಬದ ತಂತಿಗೆ ಕೊಕ್ಕೆ ಹಾಕುವುದಂತೂ 2003ರ ವಿದ್ಯುತ್ ಕಾಯ್ದೆಯಲ್ಲಿ ನೇರ ಕಳ್ಳತನ. ಒಂದೇ ಜಾಗದಲ್ಲಿ ವಾರಗಟ್ಟಲೆ ಸೆಟ್ ಹಾಕುವುದಿದ್ದರೆ ಇಲ್ಲಿನ ವಿದ್ಯುತ್ ಕಂಪನಿ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಬಹುದು. ಎರಡು ದಿನದ ಕೆಲಸಕ್ಕೆ ಆ ಓಡಾಟ ಬೇಕಿಲ್ಲ.

ಆಗ ಉಳಿಯುವುದು ಪೆಂಡಾಲಿನವರ ಜನರೇಟರ್. ಗದಗ ಇರಲಿ, ರಾಣೇಬೆನ್ನೂರು ಇರಲಿ, ಮದುವೆ ಸೀಸನ್ ಬಿಟ್ಟು ಯಾವಾಗ ಬೇಕಾದರೂ ಸಿಗುತ್ತದೆ. ಅದರ ಮೇಲೆ ಕೆವಿಎ ಅಂತ ಬರೆದದ್ದನ್ನು ಕಿಲೋವ್ಯಾಟ್ ಅಂತ ಓದಬೇಡಿ. ಸಾಮಾನ್ಯವಾಗಿ ಅದರ ಹತ್ತರಲ್ಲಿ ಎಂಟು ಪಾಲು ಸಿಗುತ್ತದೆ: 5 ಕೆವಿಎ ಅಂದರೆ 4 ಕಿಲೋವ್ಯಾಟ್. ಅದರಲ್ಲೂ ತುಂಬಾ ತುಂಬಿಸದೆ ಮೂರು ಕಿಲೋವ್ಯಾಟಿಗೆ ನಿಲ್ಲಿಸಿದರೆ ನೆಮ್ಮದಿ.

ಪೆಂಡಾಲಿನ ಜನರೇಟರಿನಲ್ಲಿ ನಾನು ನೋಡುವುದು ಅರ್ಥಿಂಗ್. ನೆಲಕ್ಕೆ ರಾಡ್ ಹೊಡೆದಿದ್ದಾರಾ, ಅಥವಾ ಹಸಿರು ವೈರು ಗಾಳಿಯಲ್ಲಿ ತೂಗಾಡುತ್ತಿದೆಯಾ? ಸಣ್ಣ ಪೋರ್ಟಬಲ್ ಜನರೇಟರುಗಳಲ್ಲಿ ಇನ್ನೊಂದು ತೊಡಕಿದೆ. ಬಹಳಷ್ಟರಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಬರುವ ತಂತಿ, ಎಲ್ಲಿಗೂ ಕಟ್ಟಿರುವುದಿಲ್ಲ, ತೇಲುತ್ತಿರುತ್ತದೆ. ಹಾಗಿದ್ದಾಗ ಶಾಕ್ ಹೊಡೆದರೆ ಕರೆಂಟ್ ಕಡಿಯಲಿ ಅಂತ ನೀವು ದುಡ್ಡು ಕೊಟ್ಟು ತಂದ ಆರ್‌ಸಿಸಿಬಿ ಬೇಕಾದ ಹೊತ್ತಿಗೆ ಬೀಳುವುದೇ ಇಲ್ಲ. ನ್ಯೂಟ್ರಲನ್ನು ಅರ್ಥಿಗೆ ಕೂಡಿಸುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು, ನಾನು ನೀವು ಅಲ್ಲ.

ಸೌಂಡ್ ಮಾಡುವ ಹುಡುಗ ಬಂದು, ‘ಅಣ್ಣಾ, ಜನರೇಟರ್ ಸದ್ದು ಬರ್ತೈತಿ, ದನದ ಕೊಟ್ಟಿಗ್ಯಾಗ ಇಟ್ಟು ಬಾಗಲಾ ಹಾಕಿಬಿಡೋಣು’ ಅಂತಾನೆ. ಒಪ್ಪಬೇಡಿ. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹಾಕಲು ಒಳಗೆ ಹೋದವನು ಹೊರಗೆ ಬರದೇ ಇರಬಹುದು. ಕೊಟ್ಟಿಗೆಯ ದನಗಳಿಗೂ ಅದೇ ಗತಿ. ಬಯಲಲ್ಲಿ, ಗಾಳಿ ಆಚೆ ಬೀಸುವ ಕಡೆ, ದೂರ ಇಡಿ. ಉದ್ದನೆ ಕೇಬಲ್ಲಿಗೆ ದುಡ್ಡು ಹಾಕಿ. ಎಂಜಿನ್ ಬಿಸಿಯಿದ್ದಾಗ ಪೆಟ್ರೋಲ್ ಸುರಿಯಬೇಡಿ.

ಇನ್ನು ಒಂದು ವೈರಿನ ಬಗ್ಗೆ ಹೇಳಲೇಬೇಕು. ಎರಡೂ ತುದಿಗೆ ಗಂಡು ಪ್ಲಗ್ ಇರುವ ವೈರು. ಜನರೇಟರಿನಿಂದ ತಂದು ಮನೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಜಾಣತನ. ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಕಂಬದ ಲೈನಿನಿಂದ ಬಿಡಿಸಿ ಜನರೇಟರಿಗೆ ಕೂಡಿಸುವಂಥದ್ದು) ಇಲ್ಲದೆ ಹೀಗೆ ಮಾಡಿದರೆ ಆ ಕರೆಂಟ್ ತಿರುಗಿ ಕಂಬಕ್ಕೆ ಹೋಗುತ್ತದೆ. ಲೈನ್ ಬಂದ್ ಆಗಿದೆ ಅಂತ ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ಅಂಥ ವೈರು ಕಂಡರೆ ನಾನು ಒಂದು ತುದಿ ಕತ್ತರಿಸಿಬಿಡುತ್ತೇನೆ. ಬೈಗುಳ ತಿಂದಿದ್ದೇನೆ, ಪರವಾಗಿಲ್ಲ.

ಬೆಂಗಳೂರಿನಿಂದ ಬರುವ ಜನರೇಟರ್ ವ್ಯಾನ್ 62.5 ಅಥವಾ 125 ಕೆವಿಎ ಲೆಕ್ಕದ್ದು. ಸದ್ದು ಕಡಿಮೆ, ಅದನ್ನು ನಡೆಸುವ ಮನುಷ್ಯನೂ ಜೊತೆಗೇ ಬರುತ್ತಾನೆ. ಬಿಸಿಲಿನಂಥ ಬೆಳಕು ಕೊಡುವ ದೊಡ್ಡ ಎಚ್‌ಎಂಐ ಲೈಟು ಇದ್ದರೆ ಅದೇ ಸರಿ. ಕಿರುಚಿತ್ರಕ್ಕೆ ಅದು ಇರುವೆಗೆ ಆನೆ ಅಂಬಾರಿ.

ಬ್ಯಾಟರಿಯನ್ನು ನಮ್ಮವರು ಕಡೆಗಣಿಸುತ್ತಾರೆ. ಲಕ್ಕುಂಡಿಯಂಥ ಕಡೆ, ಪುರಾತತ್ವ ಇಲಾಖೆ ಕಾಯುವ ಗುಡಿಯಲ್ಲಿ, ಅನುಮತಿ ಸಿಕ್ಕರೂ ಕೇಬಲ್ ಎಳೆದಾಡುವ ಹಾಗಿಲ್ಲ ಅಂದುಕೊಂಡೇ ಹೊರಡಿ. ಕ್ಯಾಮೆರಾದ ಹಿಂದೆ ಸಿಕ್ಕಿಸುವ ವಿ–ಮೌಂಟ್ ಬ್ಯಾಟರಿಯಲ್ಲಿ ನಡೆಯುವ ಎಲ್‌ಇಡಿಯಾದರೆ ಎಡವಲು ವೈರಿಲ್ಲ, 230 ವೋಲ್ಟಿನ ಗೊಡವೆಯಿಲ್ಲ. ಹೊತ್ತು ಮಾತ್ರ ಕಡಿಮೆ. 100 ವ್ಯಾಟ್–ಅವರಿನ ಬ್ಯಾಟರಿ 100 ವ್ಯಾಟಿನ ಲೈಟನ್ನು ಒಂದು ತಾಸು ನಡೆಸುವುದೂ ಕಷ್ಟ. ಉಬ್ಬಿದ ಬ್ಯಾಟರಿ, ಕೆಳಗೆ ಬಿದ್ದು ಸೀಳಿದ ಬ್ಯಾಟರಿ ಚಾರ್ಜಿಗೆ ಹಾಕಬೇಡಿ. ಎಲ್ಲರೂ ಮಲಗಿದ ರೂಮಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಬೇಡಿ. ಹುಬ್ಬಳ್ಳಿಗೆ ವಿಮಾನದಲ್ಲಿ ಬರುವ ಕ್ಯಾಮೆರಾದವರಿಗೆ ಒಂದು ನೆನಪು: ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವ್ಯಾಟ್–ಅವರ್ ದಾಟಿದರೆ 160ರವರೆಗೆ ವಿಮಾನದವರ ಒಪ್ಪಿಗೆ ಬೇಕು, ಅದಕ್ಕೂ ದೊಡ್ಡದನ್ನು ಬಿಡುವುದಿಲ್ಲ.

ಹ್ಯಾಲೋಜನ್, ಎಚ್‌ಎಂಐ, ಎಲ್‌ಇಡಿ

ಹ್ಯಾಲೋಜನ್ ಬಾಡಿಗೆ ಅಗ್ಗ. ಮುಖದ ಮೇಲೆ ಬೀಳುವ ಬೆಳಕು ನನಗೆ ಈಗಲೂ ಇಷ್ಟ. ಆದರೆ ತಿನ್ನುವ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಹಗಲಿನ ಬಣ್ಣ ಬೇಕು ಅಂತ ಮುಂದೆ ನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬೆಳಕು ಅಲ್ಲೇ ಸಾಯುತ್ತದೆ. ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಜಾಗ ಜಾಸ್ತಿ ಕಾದು ಗಾಜು ಒಡೆಯುತ್ತದೆ. ಮುಂದಿನ ಜಾಳಿಗೆ ಇಲ್ಲದ ಲೈಟನ್ನು ವಾಪಸ್ ಕಳಿಸಿ. ಆರಿಸಿದ ಕೂಡಲೇ ಎತ್ತಿ ಚೀಲಕ್ಕೆ ತುರುಕಬೇಡಿ.

ಈ ಬಿಸಿಯ ಸಂಗತಿ ನಮ್ಮ ಕಡೆ ಜಾಗ ನೋಡಿ ತೀರ್ಮಾನ ಮಾಡುವಂಥದ್ದು. ಹತ್ತಿ ಜಿನ್ನಿನ ಒಳಗೆ ಗಾಳಿಯಲ್ಲೇ ಎಳೆ ಹಾರುತ್ತಿರುತ್ತದೆ, ಅಲ್ಲಿಗೆ ಹ್ಯಾಲೋಜನ್ ಬೇಡವೇ ಬೇಡ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಮೇಲೆ ನೂಲು, ಗೋಡೆಗೆ ನೂಲು. ಅಲ್ಲೂ ಬೇಡ. ಬ್ಯಾಡಗಿಯಲ್ಲಿ ಒಮ್ಮೆ ಮೆಣಸಿನಕಾಯಿ ಚೀಲಗಳ ಪಕ್ಕ ಲೈಟ್ ಇಟ್ಟಿದ್ದೆವು. ಹತ್ತು ನಿಮಿಷಕ್ಕೆ ಘಾಟು ಎದ್ದು ನಟರು, ಕ್ಯಾಮೆರಾದವರು, ಹಮಾಲರು, ಎಲ್ಲರೂ ಕೆಮ್ಮುತ್ತ ಹೊರಗೆ ಓಡಿದೆವು. ಈಗ ನಗು ಬರುತ್ತದೆ. ಚೀಲ ಇನ್ನೊಂದು ಗೇಣು ಹತ್ತಿರ ಇದ್ದಿದ್ದರೆ ನಗು ಬರುತ್ತಿರಲಿಲ್ಲ. ಹಳ್ಳಿ ಮನೆಗಳಲ್ಲಿ ಜೋಳದ ಕಣಿಕೆ, ಹೊಟ್ಟು, ಥರ್ಮಾಕೋಲ್ ಬೋರ್ಡು ಎಲ್ಲಿವೆ ಅಂತ ಲೈಟ್ ಇಡುವ ಮುಂಚೆ ಕಣ್ಣಾಡಿಸಿ. ಬೆಂಕಿ ಆರಿಸಲು ಡ್ರೈ ಪೌಡರ್ ಇಲ್ಲವೇ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಬೇಕು. ಕರೆಂಟ್ ಇರುವ ಬೆಂಕಿಗೆ ಕೊಡ ತಂದು ನೀರು ಸುರಿಯಬಾರದು.

ಎಚ್‌ಎಂಐ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಸಿಲಿನಂಥ ಬೆಳಕು ಬೇಕು ಅಂದರೆ ಅದಕ್ಕೆ ಸಾಟಿಯಿಲ್ಲ. ಹತ್ತಿಸುವಾಗ ಸಾವಿರಾರು ವೋಲ್ಟ್ ಹಾಯುತ್ತದೆ. ಮುಂದಿನ ಗಾಜು ಅಲ್ಟ್ರಾವಯಲೆಟ್ ತಡೆಯುತ್ತದೆ. ಆ ಗಾಜು ಸೀಳಿದ್ದರೆ ವೆಲ್ಡಿಂಗ್ ನೋಡಿದವರಿಗೆ ಆಗುವ ಹಾಗೆ ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ, ಚರ್ಮವೂ ಸುಡುತ್ತದೆ. ಬಲ್ಬಿನಲ್ಲಿ ಪಾದರಸ ಇರುವುದರಿಂದ ಒಡೆದರೆ ಎಲ್ಲರನ್ನೂ ಹೊರಗೆ ಕಳಿಸಿ ಕಿಟಕಿ ತೆರೆಯಬೇಕು. ಕಲಿತ ಲೈಟ್‌ಮನ್ ಜೊತೆಗೆ ಬರುವುದಿದ್ದರೆ ಮಾತ್ರ ತರಿಸಿ. ಲೈಟು ಒಂದೇ ಬಂದು ಮನುಷ್ಯ ಬರದಿದ್ದರೆ ಬೇಡ.

ಎಲ್‌ಇಡಿಯೇ ಈಗ ನಮ್ಮಂಥವರ ಆಯ್ಕೆ, ನನ್ನ ಓಟೂ ಅದಕ್ಕೇ. 300 ವ್ಯಾಟಿನದು ಒಂದೂಕಾಲು, ಒಂದೂವರೆ ಆಂಪಿಯರಿನಲ್ಲಿ ಮುಗಿಯುತ್ತದೆ. ಹಳೇ ಮನೆಯ ಲೈನಿಗೂ ಭಾರವಲ್ಲ. ಆದರೆ ‘ಎಲ್‌ಇಡಿ ಅಲ್ವಾ, ಏನೂ ಆಗಲ್ಲ’ ಅನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗೋಡೆಯಿಂದ ಅಡಾಪ್ಟರಿನವರೆಗೆ ಬರುವುದು ಅದೇ 230 ವೋಲ್ಟು. ಆ ಅಡಾಪ್ಟರನ್ನು ನೆಲದ ಮೇಲೆ ಬಿಡುತ್ತಾರೆ. ಸಾರಿಸಿದ ನೆಲ, ಚೆಲ್ಲಿದ ಚಹಾ, ಮಳೆಯ ಇರಚಲು ಎಲ್ಲ ಮೊದಲು ಸೇರುವುದು ಅಲ್ಲಿಗೇ. ಸ್ಟ್ಯಾಂಡಿಗೆ ತೂಗುಹಾಕಿ. ನೀರು, ಧೂಳು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಐಪಿ ನಂಬರ್ ಇರುತ್ತದೆ, ಐಪಿ20 ಅಂತ ಬರೆದಿದ್ದರೆ ನೀರು ತಾಕಲೇಬಾರದು. ಐಪಿ65 ಇದ್ದರೆ ಜಿಟಿಜಿಟಿ ಮಳೆ ತಡೆಯುತ್ತದೆ. ಎಲ್‌ಇಡಿಯ ತಲೆ ಭಾರ ಬೇರೆ, ಅದರ ಮುಂದೆ ಸಾಫ್ಟ್‌ಬಾಕ್ಸ್ ಹಾಕಿದರೆ ಮುಂದಕ್ಕೆ ತೊನೆಯುತ್ತದೆ. ಸ್ಟ್ಯಾಂಡಿನ ಒಂದು ಕಾಲು ಲೈಟ್ ಬಾಗಿದ ಕಡೆಗೇ ಇರಲಿ, ಮೇಲೆ ಮರಳಿನ ಚೀಲ ಬೀಳಲಿ.

ವೈರು ಮತ್ತು ಡಬ್ಬಿ

ಲೈಟಿಗೆ ಸಾವಿರಾರು ರೂಪಾಯಿ ಕೊಟ್ಟವರು ವೈರಿಗೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಇಲ್ಲಿ ಸಿಗುವುದು ಮೂರು ತರಹ. ಮನೆಯ ಎಕ್ಸ್‌ಟೆನ್ಷನ್ ಬೋರ್ಡು ಮೊಬೈಲ್ ಚಾರ್ಜಿಗೆ, ಲ್ಯಾಪ್‌ಟಾಪಿಗೆ, ಮಾನಿಟರಿಗೆ ಸರಿ. ಒಂದಕ್ಕೊಂದು ಸಿಕ್ಕಿಸಿ ಮಾಲೆ ಮಾಡಬೇಡಿ. ಎರಡನೆಯದು ಪೆಂಡಾಲಿನ ವೈರು. ಎರಡೇ ಎಳೆ, ಹತ್ತು ಅಡಿಗೊಂದು ಜೋಡಣೆ, ಅದರ ಮೇಲೆ ಟೇಪು ಅಥವಾ ಪ್ಲಾಸ್ಟಿಕ್ ಚೀಲದ ತುಂಡು. ಸೀರಿಯಲ್ ಬಲ್ಬಿಗೆ ಹಾಕಿಕೊಳ್ಳಲಿ ಬಿಡಿ. ಅದರಲ್ಲಿ ಅರ್ಥಿನ ಎಳೆಯೇ ಇಲ್ಲ ಅಂದಮೇಲೆ ನಮ್ಮ ಲೋಹದ ಸ್ಟ್ಯಾಂಡಿಗೆ ಅದು ಬೇಡ. ಮೂರನೆಯದು ಮೂರು ಎಳೆಯ ತಾಮ್ರದ ಫ್ಲೆಕ್ಸಿಬಲ್ ಕೇಬಲ್, ಮೇಲೆ ಗಟ್ಟಿ ಹೊದಿಕೆ, ತುದಿಗೆ ನೀಲಿ ಬಣ್ಣದ ದುಂಡನೆ ಇಂಡಸ್ಟ್ರಿಯಲ್ ಪ್ಲಗ್. ಬೇಕಾದದ್ದು ಇದು.

ದಪ್ಪ ಎಷ್ಟಿರಬೇಕು? ಒಂದು ಉದಾಹರಣೆ ನೋಡಿ. 2000 ವ್ಯಾಟಿನ ಲೈಟು 50 ಮೀಟರ್ ದೂರದಲ್ಲಿದೆ. ಒಂದೂವರೆ ಎಂಎಂ (ಅಂಗಡಿಯವರು ಹಾಗನ್ನುವುದು ಚದರ ಮಿಲಿಮೀಟರಿಗೆ) ಕೇಬಲ್ಲಿನಲ್ಲಿ ದಾರಿಯಲ್ಲೇ ಸುಮಾರು 11 ವೋಲ್ಟ್ ಕಳೆದುಹೋಗುತ್ತದೆ. ಎರಡೂವರೆ ಎಂಎಂನಲ್ಲಿ ಏಳರ ಹತ್ತಿರ, ನಾಲ್ಕು ಎಂಎಂನಲ್ಲಿ ನಾಲ್ಕು ಚಿಲ್ಲರೆ. ಕಳೆದುಹೋದದ್ದೆಲ್ಲ ಕೇಬಲ್ಲಿನ ಒಳಗೆ ಬಿಸಿಯಾಗಿ ಕೂರುತ್ತದೆ. ನಾನು ಎರಡೂವರೆಗಿಂತ ಕೆಳಗೆ ಇಳಿಯುವುದಿಲ್ಲ. ರೀಲಿಗೆ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಚ್ಚಿ. ಅರ್ಧ ಸುತ್ತಿಟ್ಟು ಲೋಡ್ ಕೊಟ್ಟರೆ ಬಿಸಿ ಹೊರಗೆ ಹೋಗಲು ಜಾಗವಿಲ್ಲದೆ ಒಳಗಿನ ಸುತ್ತುಗಳು ಕರಗಿ ಅಂಟಿಕೊಳ್ಳುತ್ತವೆ.

ಈಗ ಡಬ್ಬಿ. ‘ಎಂಸಿಬಿ ಐತಲ್ರಿ’ ಅಂತ ಎಲ್ಲರೂ ಹೇಳುತ್ತಾರೆ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಹರಿಯಬೇಕು. ಮನುಷ್ಯನ ಎದೆ ಹಾಯ್ದು ಹೋಗುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಮಾಡುವ ಕೆಲಸ ಬೇರೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ಅದು ಎಣಿಸುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅಂಗಡಿಯಲ್ಲಿ 100, 300ರದ್ದೂ ಇರುತ್ತವೆ, ಅವು ಬೆಂಕಿ ತಡೆಯಲು. ಜೀವಕ್ಕೆ 30ರದ್ದೇ ಕೇಳಿ ತೆಗೆದುಕೊಳ್ಳಿ. ಅರ್ಥಿಂಗ್ ಸರಿಯಿದ್ದರೆ ಯಾರೂ ಮುಟ್ಟುವ ಮುಂಚೆಯೇ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಾರೋ ಮುಟ್ಟಿದ ಮೇಲೆ ಬೀಳುತ್ತದೆ. ಅಜ್ಜನ ಮನೆಯಲ್ಲಿ ಎರಡೂ ಇರಲಿಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಆರ್‌ಸಿಸಿಬಿಯೂ ಉಳಿಸುವುದಿಲ್ಲ.

ನಾನು ಎಲೆಕ್ಟ್ರಿಷಿಯನ್ ಹತ್ತಿರ ಒಂದು ಡಬ್ಬಿ ಕಟ್ಟಿಸಿಕೊಂಡಿದ್ದೇನೆ. ಒಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಎರಡು ಎಂಸಿಬಿ, ಹೊರಗೆ ನಾಲ್ಕು ಸಾಕೆಟ್ಟು. ಯಾವ ಮನೆಗೆ ಹೋದರೂ ಮೊದಲು ಅದು, ಆಮೇಲೆ ಲೈಟು. ದಿನಾ ಬೆಳಿಗ್ಗೆ ‘ಟಿ’ ಬಟನ್ ಒತ್ತಿ ನೋಡುತ್ತೇನೆ. ದುಡ್ಡು ಸಾಲದೆ ಬಂದರೆ ಒಂದು ಲೈಟ್ ಕಡಿಮೆ ಮಾಡುತ್ತೇನೆ, ಡಬ್ಬಿ ಬಿಟ್ಟು ಹೋಗುವುದಿಲ್ಲ.

ಮಳೆ, ಗಾಳಿ, ಮೇಲಿನ ತಂತಿ

ಧಾರವಾಡದ ಮಳೆ ಹೇಳಿ ಕೇಳಿ ಬರುವುದಿಲ್ಲ. ಪ್ಲಗ್ ಜೋಡಣೆಗಳು ನೆಲ ಬಿಟ್ಟು ಮೇಲಿರಲಿ. ಮೇಲಿಂದ ಮುಚ್ಚಿ, ಕೆಳಗಿಂದ ಮುಚ್ಚಬೇಡಿ, ಪ್ಲಾಸ್ಟಿಕ್ ಚೀಲದೊಳಗೇ ನೀರು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಸಿಡಿಲು ಜೊತೆಗೇ ಬರುತ್ತದೆ. ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಫೋನಿನಲ್ಲಿರಲಿ. ಗುಡುಗು ಕೇಳಿಸಿತು ಅಂದರೆ ಜನರೇಟರ್ ಬಂದ್, ಎತ್ತರದ ಸ್ಟ್ಯಾಂಡು ಕೆಳಗೆ. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಅಲ್ಲಿ ದೊಡ್ಡ ಬಟ್ಟೆಯ ಫ್ರೇಮ್ ಕಟ್ಟಿದರೆ ಅದು ಹಾಯಿಯಾಗಿ ಹಾರುತ್ತದೆ. ಮರಳಿನ ಚೀಲ ಸಾಲದು, ಹಗ್ಗ ಹಾಕಿ ಗೂಟಕ್ಕೆ ಕಟ್ಟಬೇಕು. ಹಳ್ಳಿಗಳಲ್ಲಿ ಬರಿ ತಂತಿಯ ಲೈನು ಜೋತುಬಿದ್ದಿರುತ್ತದೆ. ಅದರ ಕೆಳಗೆ ಸ್ಟ್ಯಾಂಡ್ ಎತ್ತಬೇಡಿ. ತಂತಿ ಹರಿದು ಬಿದ್ದದ್ದು ಕಂಡರೆ ದೂರ ನಿಂತು 1912ಕ್ಕೆ ಫೋನ್ ಮಾಡಿ.

ಯಾರ ಕೈಗೆ ಕೊಡುವುದು

ಪೆಂಡಾಲಿನ ಎಲೆಕ್ಟ್ರಿಷಿಯನ್ನೋ, ಸಿನಿಮಾ ಲೈಟ್‌ಮನ್ನೋ? ಮೊದಲಿನವನಿಗೆ ಊರಿನ ಲೈನು ಗೊತ್ತು, ಎರಡನೆಯವನಿಗೆ ಲೈಟು ಗೊತ್ತು. ಇಬ್ಬರನ್ನೂ ಕರೆಸಲು ಆಗದಿದ್ದರೆ ನಾನು ವೈರ್‌ಮನ್ ಪರವಾನಗಿ ಇರುವ ಊರಿನವನನ್ನೇ ಕರೆಯುತ್ತೇನೆ. ಲೈಟ್ ಎತ್ತಿಡುವುದನ್ನು ಹುಡುಗರು ಎರಡು ದಿನದಲ್ಲಿ ಕಲಿಯುತ್ತಾರೆ.

ಅವನ ಜೊತೆಗೆ ಒಬ್ಬ ಹುಡುಗನನ್ನು ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿ. ಚಹಾ ತರುವುದು, ಕ್ಲ್ಯಾಪ್ ಹಿಡಿಯುವುದು ಅವನ ಕೆಲಸವಲ್ಲ. ಯಾರಾದರೂ ಹಿಡಿದುಕೊಂಡು ಬಿಡಲಾಗದೆ ಒದ್ದಾಡಿದರೆ ಅವನು ಮೇನ್ ಬಂದ್ ಮಾಡಬೇಕು. ಅದಾಗುವವರೆಗೆ ಬೇರೆ ಯಾರೂ ಮುಟ್ಟಬಾರದು. ಸ್ವಿಚ್ ದೂರ ಇದ್ದರೆ ಒಣ ಕಟ್ಟಿಗೆಯಿಂದ ವೈರು ಸರಿಸಬೇಕು. 108ಕ್ಕೆ ಫೋನ್. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು, ಆಂಬುಲೆನ್ಸ್ ಬರುವ ತನಕ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಬೇಕು, ಎದೆಬಡಿತದ ಏರುಪೇರು ಹೊರಗೆ ಕಾಣುವುದಿಲ್ಲ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆವತ್ತು ರಾತ್ರಿ ನಾವು ಅಜ್ಜನಿಗೆ ಒಂದು ಕಪ್ ಚಹಾ ಕೊಟ್ಟು ಮುಂದಿನ ಶಾಟ್ ತೆಗೆದೆವು.